ಅವರೆ ಬಳ್ಳಿ ಕಾಂಪೌಂಡ್ ಹತ್ತಿದೆ, ಹೂ ಮಾತ್ರ ಇಲ್ಲ!

ಪ್ರಶ್ನೆ: ಸಾರ್ ನಮಸ್ಕಾರ, ನಮ್ದು ಮಂಡ್ಯ. ಮನೆ ಹಿಂದೆ 20 ಅಡಿ 15 ಅಡಿ ಜಾಗ ಇದೆ, ನಾನು, ನಮ್ಮತ್ತೆ, ಮಕ್ಕಳು ಎಲ್ಲಾ ಸೇರ್ಕೊಂಡು ತರಕಾರಿ ಹಾಕಿದೀವಿ. ಯುಗಾದಿ ಆದ್ಮೇಲೆ ಊರಿಂದ ತಂದ ಅವರೆ ಬೀಜ ಹಾಕಿದ್ವಿ, ಈಗ ಆಷಾಢ, ಬಳ್ಳಿ ಕಾಂಪೌಂಡ್ ದಾಟಿ ಪಕ್ಕದ್ಮನೆಗೆ ಇಳಿದಿದೆ, ಒಂದು ಹೂವೂ ಇಲ್ಲ. ಹೀರೆಲಿ ಹೂ ರಾಶಿ ರಾಶಿ ಬಂದು ಉದುರ್ತವೆ, ಹೀಚು ಬಿಟ್ರೂ ಹಳದಿಯಾಗಿ ಬಿದ್ದೋಗುತ್ತೆ. ಟೊಮೆಟೊ ತಳ ಕಪ್ಪಾಗ್ತಿದೆ, ತೆಂಗಿನ ಮರದ ಕೆಳಗಿನ ಬೆಂಡೆ ಮೇಲೇಳ್ತಾನೇ ಇಲ್ಲ. ಅಂಗಡಿಯವ್ರು ಹೇಳಿದ್ರು ಅಂತ ಎರಡು ಸಲ ಯೂರಿಯಾ ಹಾಕಿದ್ವಿ. ಇನ್ನೇನು ಹಾಕ್ಬೇಕು?

ಉತ್ತರ: ಮೇಡಂ, ಇನ್ನೇನೂ ಹಾಕ್ಬೇಡಿ. ಯೂರಿಯಾ ಅಂತೂ ಇವತ್ತೇ ನಿಲ್ಲಿಸಿಬಿಡಿ, ಅದರಲ್ಲಿರೋದು ಬರೀ ಸಾರಜನಕ, ಎಲೆ ಬಳ್ಳಿ ಸೊಕ್ಕಿ ಬೆಳೆಯುತ್ತೆ, ಕಾಯಿಗೆ ಏನೂ ಉಪಯೋಗ ಆಗಲ್ಲ. ನಿಮ್ ಹಿತ್ತಲಿಗೆ ಗೊಬ್ಬರ ಸಾಲದೆ ಹಿಂಗಾಗಿಲ್ಲ, ಯಾವ ಗಿಡಕ್ಕೆ ಯಾವ ಹೊತ್ತು ಅನ್ನೋದು ತಪ್ಪಿದೆ ಅಷ್ಟೆ.

ಅವರೆನೇ ನೋಡಿ. ನಾಟಿ ಅವರೆ ಹೂ ಬಿಡೋದು ಹಗಲು ಚಿಕ್ಕದಾಗಿ ರಾತ್ರಿ ಉದ್ದ ಆದ್ಮೇಲೆ. ನಮ್ ಮಂಡ್ಯ ಮೈಸೂರು ಕಡೆ ಜೂನ್ ಕೊನೇ ಹಗಲಿಗೂ ಡಿಸೆಂಬರ್ ಕೊನೇ ಹಗಲಿಗೂ ಹೆಚ್ಚು ಕಮ್ಮಿ ಒಂದೂವರೆ ಗಂಟೆ ವ್ಯತ್ಯಾಸ, ನಮಗೆ ಅಷ್ಟಾಗಿ ಗೊತ್ತಾಗಲ್ಲ ಆದ್ರೆ ಗಿಡ ಅದನ್ನ ಚೆನ್ನಾಗಿ ಲೆಕ್ಕ ಇಟ್ಕೊಂಡಿರುತ್ತೆ. ಹಳ್ಳಿಲಿ ರಾಗಿ ಬಿತ್ತುವಾಗ ಮಧ್ಯೆ ಮಧ್ಯೆ ಬಿಡೋ ಅಕ್ಕಡಿ ಸಾಲಿಗೆ ಅವರೆ ಹಾಕ್ತಾರಲ್ಲ, ನಿಮ್ಮತ್ತೆನ ಕೇಳಿ, ಜುಲೈ ಆಗಸ್ಟಲ್ಲಿ ಬಿತ್ತಿದ್ದು ರಾಗಿ ಕೊಯ್ಯೋ ಹೊತ್ತಿಗೆ ಹೂ ಹಿಡಿದು ಧನುರ್ಮಾಸದಲ್ಲಿ ಕಾಯಿ ಕೊಡುತ್ತೆ. ನೀವು ಯುಗಾದಿ ಆದ್ಮೇಲೆ ಹಾಕಿದ್ರಿಂದ ಅದಕ್ಕೆ ಎದುರಿಗೆ ಬರೀ ಉದ್ದ ಹಗಲೇ ಸಿಕ್ತು, ಬಳ್ಳಿ ಬೆಳೀತಾ ಹೋಯ್ತು. ಕಿತ್ ಹಾಕ್ಬೇಡಿ ದಯವಿಟ್ಟು. ಪಕ್ಕದ್ಮನೆಗೆ ಹೋಗಿರೋ ಕುಡಿ ಕತ್ತರಿಸಿ, ಚಪ್ಪರಕ್ಕೆ ಹಬ್ಬಿಸಿ, ದೀಪಾವಳಿ ಆಸುಪಾಸಿಂದ ಹೂ ನೋಡ್ತೀರ. ಇನ್ನೊಂದು ವಿಷ್ಯ, ಹಿತ್ತಲಲ್ಲಿ ರಾತ್ರಿಯೆಲ್ಲಾ ಎಲ್‌ಇಡಿ ಲೈಟ್ ಉರೀತಿದ್ದು ಅದರ ಬೆಳಕು ಬಳ್ಳಿ ಮೇಲೇ ಬೀಳ್ತಿದ್ರೆ ಆರಿಸಿ, ಕತ್ತಲು ಮುರಿದ್ರೆ ಹೂ ಇನ್ನೂ ತಡ ಆಗಬಹುದು. ಅಷ್ಟು ದಿನ ಕಾಯಕ್ಕಾಗಲ್ಲ ಅಂದ್ರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ತಂದಿರೋ ಹೆಬ್ಬಾಳ ಅವರೆ ಇದೆ, ಎಚ್‌ಎ-3, ಎಚ್‌ಎ-4 ಅಂತ, ಪೊದೆ ಥರ ಬೆಳೆಯುತ್ತೆ, ಹಗಲು ಉದ್ದ ಇದ್ರೂ ಹೂ ಬಿಡುತ್ತೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ, ವಿ.ಸಿ. ಫಾರಂ, ನಿಮಗೆ ಹತ್ರನೇ, ಅಲ್ಲಿ ಬೀಜ ವಿಚಾರಿಸಿ. ಆದ್ರೂ ಚಳಿಗಾಲದ ನಾಟಿ ಅವರೆ ಸೊಗಡಿದೆಯಲ್ಲ, ಅದು ನನಗೆ ಬೇರೆ ಯಾವ ತಿಂಗಳಲ್ಲೂ ಸಿಕ್ಕಿಲ್ಲ.

ಹೀರೆದು ದಿನದ ಹೊತ್ತಿನ ಕಥೆ. ಕುಂಬಳ, ಸೌತೆ ಹೂ ಬೆಳಗ್ಗೆ ಅರಳಿದ್ರೆ ಹೀರೆ ಅರಳೋದು ಸಂಜೆ. ನೀವು ಬೆಳಗ್ಗೆ ನೀರು ಹಾಕೋಕೆ ಹೋದಾಗ ನೋಡೋದು ಹಿಂದಿನ ಸಂಜೆದು, ಕೆಲಸ ಮುಗಿಸಿ ಬಾಡ್ತಿರೋ ಹೂ. ಅದರಲ್ಲೂ ಗಂಡು ಹೂ ಉದುರಲೇಬೇಕು, ಅದಕ್ಕೆ ಬೇಜಾರು ಮಾಡ್ಕೋಬೇಡಿ. ಗಂಡು ಹೂ ಗೊಂಚಲಲ್ಲಿ ಬರುತ್ತೆ, ತೊಟ್ಟು ಸಣ್ಣಗೆ ಬರೀ ಕಡ್ಡಿ ಥರ, ಹೆಣ್ಣು ಹೂ ಒಂಟಿ, ಅದರ ಹಿಂದೆ ಕಿರುಬೆರಳಿಗಿಂತ ಸಣ್ಣ ಹೀರೆಕಾಯಿ ಗೀರುಗಳ ಸಮೇತ ಆಗ್ಲೇ ಇರುತ್ತೆ. ಆ ಹೆಣ್ಣು ಹೂಗೆ ಪರಾಗ ಬೀಳದಿದ್ರೆ ಹೀಚು ಹಳದಿಯಾಗಿ ಬೀಳುತ್ತೆ, ಆಷಾಢದ ಗಾಳಿ ಮಳೇಲಿ ಸಂಜೆ ಹೊತ್ತು ಹುಳ ಹುಪ್ಪಟೆ ಓಡಾಟನೂ ಕಮ್ಮಿ. ಅದಕ್ಕೆ ದೀಪ ಹಚ್ಚೋ ಹೊತ್ತಲ್ಲಿ ಮಕ್ಕಳನ್ನ ಕರ್ಕೊಂಡು ಹೋಗಿ, ಆಗತಾನೆ ಅರಳಿದ ಗಂಡು ಹೂ ಒಂದು ಕಿತ್ತು, ಎಸಳು ಹಿಂದಕ್ಕೆ ಮಡಚಿ, ಮಧ್ಯದ ಹಳದಿ ಪುಡಿನ ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಸವರಿ. ಕಾಯಿ ಕಚ್ಚಿದ್ರೆ ಕೆಲವೇ ದಿನದಲ್ಲಿ ಹಸಿರಾಗೇ ಉದ್ದ ಆಗ್ತಾ ಹೋಗೋದು ಕಣ್ಣಿಗೆ ಕಾಣುತ್ತೆ. ಹೀಚಿನ ಮೇಲೆ ಸೂಜಿ ಚುಚ್ಚಿದಂಗೆ ಗುರುತಿದ್ದು ಅಂಟು ಒಸರಿದ್ರೆ ಮಾತ್ರ ಅದು ಹಣ್ಣು ನೊಣದ ಕೆಲಸ, ಅಂಥದ್ದನ್ನ ಗಿಡದ ಬುಡದಲ್ಲಿ ಬಿಡಬೇಡಿ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬಿಸಿಲಿಗೆ ಇಟ್ಟು ಆಮೇಲೆ ಎಸೀರಿ.

ಟೊಮೆಟೊ ತಳ ಕಪ್ಪಾಗೋದಕ್ಕೆ ಔಷಧಿ ಹೊಡೀಬೇಡಿ, ಅದು ಹುಳನೂ ಅಲ್ಲ ಅಂಟುರೋಗನೂ ಅಲ್ಲ. ಒಂದಿನ ಬಕೆಟ್‌ಗಟ್ಟಲೆ ನೀರು, ಆಮೇಲೆ ನಾಲ್ಕು ದಿನ ಒಣಗಲು, ಹಿಂಗಾದ್ರೆ ಕ್ಯಾಲ್ಸಿಯಂ ಕಾಯಿ ತುದಿ ತನಕ ಹೋಗಲ್ಲ, ಯೂರಿಯಾ ಜಾಸ್ತಿ ಆದ್ರೆ ಇನ್ನೂ ಕೆಡುತ್ತೆ. ಬುಡಕ್ಕೆ ಒಣಗಿದ ಎಲೆ ಹೊದಿಸಿ, ನೀರು ಹದವಾಗಿ ಕೊಡಿ, ಮುಂದಿನ ಕಾಯಿ ಸರಿ ಬರ್ತವೆ. ಯಾರೋ ಹೇಳಿದ್ರು ಅಂತ ಬೂದಿ, ಸುಣ್ಣ ಸುರೀಬೇಡಿ, ನಾಲೆ ಬಯಲಲ್ಲಿ ಎಷ್ಟೋ ಕಡೆ ಮಣ್ಣು ಮೊದ್ಲೇ ಚೌಳು, ಅಂದ್ರೆ ಉಪ್ಪು ಕ್ಷಾರ ಜಾಸ್ತಿ ಇರುತ್ತೆ, ಮಣ್ಣು ಪರೀಕ್ಷೆ ಮಾಡಿಸಿ ಆಮೇಲೆ ಯೋಚನೆ ಮಾಡಿ.

ತೆಂಗಿನ ಮರದ ಕೆಳಗೆ ಬೆಂಡೆ ಬೇಡ. ಬೆಂಡೆಗೆ ದಿನಪೂರ್ತಿ ಬಿಸಿಲು ಬೇಕು, ಅಲ್ಲಿ ನೆರಳೂ ಇದೆ, ತೆಂಗಿನ ಬೇರು ಮೇಲ್ಮಣ್ಣಲ್ಲೇ ನೀರು ಎಳ್ಕೊಳ್ಳುತ್ತೆ. ಆ ಜಾಗಕ್ಕೆ ಅರಿಶಿನ, ಕೆಸು, ದೊಡ್ಡಪತ್ರೆ ಹಾಕಿ, ಬೇಕಾದ್ರೆ ಮರಕ್ಕೇ ವೀಳ್ಯದೆಲೆ ಬಳ್ಳಿ ಹಬ್ಬಿಸಿ. ಮರದಿಂದ ಒಂಚೂರು ಆಚೆ, ಅರ್ಧ ನೆರಳು ಬೀಳೋ ಕಡೆ ಚಕ್ರಮುನಿ ಕಡ್ಡಿ ನೆಟ್ರೆ ವರ್ಷಗಟ್ಟಲೆ ಸೊಪ್ಪು ಕೀಳ್ತಾನೇ ಇರಬಹುದು, ನನ್ನ ಕೇಳಿದ್ರೆ ಪ್ರತಿ ಹಿತ್ತಲಲ್ಲೂ ಒಂದು ಇರ್ಬೇಕು. ಅದನ್ನ ಬೇಯಿಸಿ ತಿನ್ನಿ, ಸಾರಿಗೆ, ಪಲ್ಯಕ್ಕೆ ಒಂದೊಂದು ಹಿಡಿ ಸಾಕು. ಸಣ್ಣ ಆಗ್ತೀವಿ ಅಂತ ಹಸಿ ಜ್ಯೂಸ್ ಮಾಡ್ಕೊಂಡು ದಿನಾ ಕುಡಿಯೋದು ಮಾತ್ರ ಖಂಡಿತ ಬೇಡ, 1990ರ ದಶಕದಲ್ಲಿ ತೈವಾನ್‌ನಲ್ಲಿ ಹಂಗೆ ಕುಡಿದ ಎಷ್ಟೋ ಜನಕ್ಕೆ ಶ್ವಾಸಕೋಶವೇ ಕೆಟ್ಟುಹೋಗಿತ್ತು.