ಶೇ. 24ರಿಂದ ಶೇ. 4ಕ್ಕೆ: ಭಾರತ ನಿಜಕ್ಕೂ ಅಷ್ಟು ಕುಸಿಯಿತೇ?

"1700ರಲ್ಲಿ ಜಗತ್ತಿನ ಕಾಲುಭಾಗ ಸಂಪತ್ತು ನಮ್ಮದಾಗಿತ್ತು" ಎಂಬ ಮಾತಿನ ಮೂಲ ಆರ್ಥಿಕ ಇತಿಹಾಸಕಾರ ಆಂಗಸ್ ಮ್ಯಾಡಿಸನ್ ಅವರ ಅಂದಾಜು: ಜಗತ್ತಿನ ಒಟ್ಟು ಉತ್ಪಾದನೆಯಲ್ಲಿ ಭಾರತದ ಪಾಲು 1700ರಲ್ಲಿ ಶೇ. 24, 1950ರಲ್ಲಿ ಶೇ. 4. ಅದು ಕೂಡಿಟ್ಟ ಸಂಪತ್ತಲ್ಲ, ಒಂದು ವರ್ಷದ ಉತ್ಪಾದನೆ. ಆಗ ಜಗತ್ತಿನ ಜನಸಂಖ್ಯೆಯಲ್ಲೂ ಸುಮಾರು ಶೇ. 27 ಇಲ್ಲೇ ಇತ್ತು. ತಲೆಗೆ ಹಂಚಿದರೆ, 1990ರ ಡಾಲರ್ ಲೆಕ್ಕದಲ್ಲಿ, ಬರುವುದು 550. ಜಗತ್ತಿನ ಸರಾಸರಿ 615ರ ಆಸುಪಾಸು. ಇನ್ನೊಂದು ವಿಷಯ: 1700ರ ಅಂಕಿಯಲ್ಲಿ ಇಂದಿನ ಪಾಕಿಸ್ತಾನ, ಬಾಂಗ್ಲಾದೇಶ ಸೇರಿವೆ, 1950ರ ಶೇ. 4ರಲ್ಲಿ ಇಲ್ಲ. ಹೋಲಿಸುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಹಾಗಂತ ವಸಾಹತು ಆಳ್ವಿಕೆಯ ಪೆಟ್ಟು ಸುಳ್ಳಲ್ಲ. ಅದನ್ನು ಪಾಲಿನಲ್ಲಿ ಹುಡುಕಬೇಡಿ, ತಲಾ ಉತ್ಪಾದನೆಯಲ್ಲಿ ನೋಡಿ: 250 ವರ್ಷಗಳಲ್ಲಿ ನಮ್ಮದು 550ರಿಂದ 619ಕ್ಕೆ ತೆವಳಿತು, ಬ್ರಿಟನ್ನಿನದು 1,250ರಿಂದ 6,900 ದಾಟಿತು.