‘ಕೊಡಂದೇರ’ದಂಥ ಮನೆತನದ ಹೆಸರುಗಳು ಕೊಡಗಿನವರಲ್ಲೇ ಯಾಕೆ?

ಇವು ಊರಿನ ಹೆಸರಲ್ಲ, ಕಸುಬಿನದ್ದೂ ಅಲ್ಲ. ಕೊಡವರ ಒಕ್ಕದ ಹೆಸರು. ಒಕ್ಕ ಅಂದರೆ ಒಬ್ಬನೇ ಮೂಲಪುರುಷನಿಂದ ಬೆಳೆದ ಕುಟುಂಬ. ಅದಕ್ಕೆ ‘ಐನ್‌ಮನೆ’ ಎಂಬ ಮೂಲಮನೆ ಇರುತ್ತದೆ. ಕೊನೆಯ ‘ಅಂಡ’, ‘ಇರ’, ‘ಏರ’ಗಳಿಗೆ ‘ಇಂಥವರ’ ಎಂಬ ಅರ್ಥ.

ಹೆಸರು ತಂದೆಯ ಕಡೆಯಿಂದಲೇ ಬರುತ್ತದೆ, ಐನ್‌ಮನೆಯೂ ಕೊಡಗಿನಲ್ಲೇ ಇದೆ. ಹಾಗಾಗಿ ಒಂದೊಂದು ಹೆಸರೂ ಸಾಮಾನ್ಯವಾಗಿ ಒಂದೇ ಕುಟುಂಬದ ಜನರಿಗೆ ಸೀಮಿತ. ಬೆಂಗಳೂರಿನಲ್ಲೋ ವಿದೇಶದಲ್ಲೋ ಕಂಡರೆ ಅವರ ಬೇರು ಜಾಸ್ತಿ ಸಲ ಕೊಡಗೇ.

ಇನ್ನೊಂದು ಚೆಂದ ನೋಡಿ: ಈ ಹೆಸರು ಮೊದಲು ಬರುತ್ತದೆ. ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ದೇಶದ ಸೇನೆ ನಡೆಸಿದ ಇಬ್ಬರದ್ದೂ ಒಂದೇ ಒಕ್ಕ! ಅವರ ‘ಕೆ’ ಇನಿಷಿಯಲ್‌ನೊಳಗೆ ಇಡೀ ಮನೆತನವೇ ಇದೆ. 1997ರಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಲ್ಲೂ ತಂಡಗಳು ಆಡುವುದು ಒಕ್ಕದ ಹೆಸರಿನಲ್ಲೇ.