ಪ್ರತಿ: ಗ್ಯಾರೇಜಿಗೆ ಫ್ಯಾನ್ ಇರುವ ಪ್ರೊಪೇನ್ ಗ್ಯಾಸ್ ಹೀಟರ್

ಅಮೆರಿಕದ ಮಿನೆಸೋಟಾದ ಚಳಿಯಲ್ಲಿ 24×24 ಅಡಿಯ ಗ್ಯಾರೇಜಿನಲ್ಲಿ ಮರಗೆಲಸ ಮಾಡಲು ಎಷ್ಟು ದೊಡ್ಡ ಹೀಟರ್ ಬೇಕು, ಕರೆಂಟ್ ಹೋದಾಗ ಅದನ್ನೇ ಮನೆಯೊಳಗೆ ಇಡಬಹುದಾ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಹೇಳುತ್ತೇನೆ: ಖಂಡಿತ ಬೇಡ. ಇದಕ್ಕೆ ಹೊಗೆ ಕೊಳವೆ ಇಲ್ಲ, ಉರಿದದ್ದೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ಅದರಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ (ಸಿಒ) ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದೂ ಅಲ್ಲದೆ, ಫ್ಯಾನ್ ತಿರುಗಲು ಕರೆಂಟೇ ಬೇಕಲ್ವಾ!

ಅಳತೆಯ ಲೆಕ್ಕ ಸುಲಭ. ಘನ ಅಡಿ × ಏರಿಸಬೇಕಾದ ಫ್ಯಾರನ್‌ಹೀಟ್ ಡಿಗ್ರಿ × 0.133 = ಗಂಟೆಗೆ ಬೇಕಾದ ಬಿಟಿಯು (ಶಾಖದ ಅಳತೆ). ಎತ್ತರ 8 ಅಡಿ ಎಂದರೆ ಸುಮಾರು 4,600 ಘನ ಅಡಿ. 40 ಡಿಗ್ರಿ ಏರಿಸಲು ಗಂಟೆಗೆ ಹೆಚ್ಚುಕಡಿಮೆ 24,500 ಬಿಟಿಯು. ಗೋಡೆಗೆ ಇನ್ಸುಲೇಶನ್ ಇಲ್ಲದಿದ್ದರೆ ಇನ್ನೂ ಜಾಸ್ತಿ. 30ರಿಂದ 60 ಸಾವಿರದ ನಡುವೆ ಉರಿ ಹೊಂದಿಸುವಂಥದ್ದು ಸಾಕು. ಒಂದೂವರೆ ಲಕ್ಷದ್ದು ಸುಮ್ನೆ ದಂಡ.

20 ಪೌಂಡಿನ ಸಿಲಿಂಡರಿನಲ್ಲಿ ಸುಮಾರು 4.3 ಲಕ್ಷ ಬಿಟಿಯು ಇರುತ್ತದೆ, 40 ಸಾವಿರದಲ್ಲಿ ಹತ್ತು ಗಂಟೆ ಬಂದೀತು. ತೀರಾ ಚಳಿಯಲ್ಲಿ ಸಿಲಿಂಡರ್ ಮೇಲೆ ಹಿಮ ಕಟ್ಟಿ ಒತ್ತಡ ಇಳಿಯುತ್ತದೆ, ಗಾಬರಿಯಾಗಬೇಡಿ. ಆದರೆ ಬೆಂಕಿ ತೋರಿಸಿ ಬೆಚ್ಚಗೆ ಮಾಡಲು ಹೋಗಬೇಡಿ.

ಬಾಗಿಲು ಎಷ್ಟು ತೆರೆದಿಡಬೇಕೆಂದು ಕೈಪಿಡಿಯಲ್ಲಿ ಇರುತ್ತದೆ, ಅಷ್ಟು ತೆರೆದೇ ಇಡಿ. ಸಿಒ ಅಲಾರಂ ಹಾಕಿ. ಗರಗಸ ಓಡುವಾಗ, ವಾರ್ನಿಶ್ ಹಚ್ಚುವಾಗ ಹೀಟರ್ ಆರಿಸಿ. ಹೊಟ್ಟು, ಆವಿ ಎರಡೂ ಬೆಂಕಿ ಹತ್ತಿಕೊಳ್ಳುವಂಥವು.

ಇನ್ನೊಂದು: ಪ್ರೊಪೇನ್ ಉರಿದಾಗ ನೀರಾವಿ ಬರುತ್ತದೆ. ಮೊದಲ ವರ್ಷ ಇದು ಗೊತ್ತಿಲ್ಲದೆ ನನ್ನ ಉಳಿಗಳಿಗೆಲ್ಲ ತುಕ್ಕು ಹಿಡಿದಿತ್ತು. ಎಣ್ಣೆ ಸವರಿಡಿ.